ಅರ್ಧ ಹಾಡಿದ ಕೆಮ್ಮು

ಬ್ಯಾಡಗಿ
12 ಜನವರಿ 2025

ಹನುಮೇಶ,

ಪತ್ರದ ಮೊದಲಿಗೆ ಆರೋಗ್ಯ ಕೇಳುವುದು ವಾಡಿಕೆ. ನಾನು ಕೇಳುವುದಿಲ್ಲ. ನಿನ್ನ ಆರೋಗ್ಯ ಎಷ್ಟು ಚಲೋ ಇದೆ ಎಂದು ಮೊನ್ನೆಯಿಂದ ಇಡೀ ಬ್ಯಾಡಗಿ ಫೋನಿನಲ್ಲಿ ನೋಡುತ್ತಿದೆ. ನೀನು ನನ್ನ ನಂಬರು ಬ್ಲಾಕ್ ಮಾಡಿದ್ದೀಯ. ಮಾಡು. ಪೋಸ್ಟ್‌ಮನ್‌ನನ್ನು ಬ್ಲಾಕ್ ಮಾಡುವ ಗುಂಡಿ ಇನ್ನೂ ಯಾವ ಫೋನಿನಲ್ಲೂ ಬಂದಿಲ್ಲ.

ರಾಣೆಬೆನ್ನೂರಿನಲ್ಲಿ ಹೇಮಪ್ಪನ ಹೊಸ ಕೋಲ್ಡ್ ಸ್ಟೋರೇಜಿನ ಉದ್ಘಾಟನೆಗೆ ನೀನು ಹಾಡಿದ್ದನ್ನು ಮೂರು ಸಲ ನೋಡಿದೆ. ಮೊದಲ ಸಲ ನಂಬಲಿಲ್ಲ. ಎರಡನೆಯ ಸಲ ಹಾಡಿನ ಉಳಿದರ್ಧ ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದೆ. ಮೂರನೆಯ ಸಲ ನಿನ್ನ ಮುಖವನ್ನಷ್ಟೇ ನೋಡಿದೆ. ನೀನು ನಗುತ್ತಿದ್ದೆ.

ಅದೇ ಹೇಮಪ್ಪ. ನಮ್ಮವ್ವ ಶೇಖವ್ವ ಹದಿನೆಂಟು ವರ್ಷದಿಂದ ಯಾರ ಗೋದಾಮಿನ ನೆಲದ ಮೇಲೆ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಾಳೋ ಆ ಹೇಮಪ್ಪ. ಯಾರ ಗೋದಾಮಿನಲ್ಲಿ ಘಾಟು ಹೊರಗೆ ಹೋಗಲು ಒಂದು ಫ್ಯಾನಿಲ್ಲವೋ, ಕೈ ತೊಳೆಯಲು ಒಂದು ನಳವಿಲ್ಲವೋ, ಆ ಹೇಮಪ್ಪ ಮೂಗಿಗೆ ಕರವಸ್ತ್ರ ಹಿಡಿದು ವೇದಿಕೆಯ ಮುಂದೆ ಕುಣಿಯುತ್ತಿದ್ದಾನೆ. ಹಿಂದೆ ಸ್ಪೀಕರಿನಲ್ಲಿ ತಾಳಕ್ಕೆ ಸರಿಯಾಗಿ ಕೆಮ್ಮು. ಖಳ್ ಖಳ್, ಖಳ್ ಖಳ್. ಆ ಕೆಮ್ಮು ನಮ್ಮವ್ವನದು, ಹನುಮ್ಯಾ. ಮಂದಿ ಅದಕ್ಕೆ ಚಪ್ಪಾಳೆ ತಟ್ಟುತ್ತಿದ್ದಾರೆ.

ನಾವು ಮೂರು ಜನ ಮೋಟೆಬೆನ್ನೂರಿನ ಆ ಟ್ರ್ಯಾಕ್ಟರ್ ರಿಪೇರಿ ಶೆಡ್ಡಿನಲ್ಲಿ 'ಒಣಕೆಮ್ಮು' ಬ್ಯಾಂಡ್ ಕಟ್ಟಿದಾಗ ನಿನ್ನ ಕೈಯಲ್ಲಿ ಗಿಟಾರು, ನನ್ನ ಕೈಯಲ್ಲಿ ಯಾರೋ ಬಿಟ್ಟುಹೋದ ಬೇಸ್ ಗಿಟಾರು, ಮಕ್ತುಮಸಾಬನ ಬಳಿ ಮದುವೆ ಬ್ಯಾಂಡಿನ ಡ್ರಮ್ಮು ಇತ್ತು. ಮೊದಲ ದಿನವೇ ಒಂದು ನಿಯಮ ಮಾಡಿದೆವು. ಅದನ್ನು ತಗಡಿನ ಮೇಲೆ ಸುಣ್ಣದ ಕಡ್ಡಿಯಿಂದ ಬರೆದವನು ನೀನೇ: 'ತಿರುವು ಹಾಡದೆ ಇಳಿಯಬಾರದು.' ನಗಿಸಬೇಕು, ಹೊಟ್ಟೆ ಹಿಡಿದು ನಗಬೇಕು, ನಗುತ್ತಿರುವಾಗಲೇ ಹಾಡು ತಿರುಗಬೇಕು. ನಿನ್ನ ಟವೆಲ್ಲಿನ ಹಾಡು ಹಾಗೆಯೇ ಇತ್ತಲ್ಲ. ಬಸ್ಸಿನ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವವನನ್ನು ನೋಡಿ ಮಂದಿ ನಕ್ಕು ಸಾಕಾಗುವಷ್ಟರಲ್ಲಿ, ಅವನು ಸೀಟು ಹಿಡಿದದ್ದು ಹುಬ್ಬಳ್ಳಿಯ ಆಸ್ಪತ್ರೆಗೆ ಹೊರಟ ಅಪ್ಪನಿಗೆ ಎಂದು ತಿಳಿಯುತ್ತಿತ್ತು.

ಅವ್ವನ ಹಾಡಿಗೂ ಅದೇ ನಿಯಮ. ಮೊದಲರ್ಧ ನಗೆ:

ಮದುಮಗ ಸೀನಿದ, ಅಕ್ಕಿಕಾಳು ಹಾರಿದುವು,
ಐನೋರು ಸೀನಿದ್ರು, ಮಂತ್ರ ತಪ್ಪಿದುವು,
ಸಾಹೇಬ್ರು ಸೀನಿದ್ರು, ಭಾಷಣ ನಿಂತೈತಿ,
ಬ್ಯಾಡಗಿ ಗಾಳ್ಯಾಗ ಸಮಾನತೆ ಬಂದೈತಿ!

ಆಮೇಲೆ ಮಕ್ತುಮ ಡ್ರಮ್ಮು ನಿಲ್ಲಿಸಬೇಕು. ಗಿಟಾರು ನಿಲ್ಲಬೇಕು. ಬರೀ ಕೆಮ್ಮು, ನಾಲ್ಕು ಎಣಿಕೆ. ಆಗ ನೀನು, ಖಾರ ಹತ್ತಿ ಉರಿಯುವ ಅವ್ವನ ಕೈ ಬಗ್ಗೆ, ಬರಿಗಂಟಲಿನಲ್ಲಿ ಹಾಡಬೇಕು:

ಉರಿಗೈ ಅಂತ ನನ್ನ ಮಾರಿ ಮುಟ್ಟಲಿಲ್ಲವ್ವ,
ಮೊಳಕೈಲೆ ಕಣ್ಣೀರ ಒರಸಿದಿ.

ಇದನ್ನು ನೀನು ಹೇಮಪ್ಪನ ಮುಂದೆ ನುಂಗಿಬಿಟ್ಟೆ.

ಅವ್ವನಿಗೆ ಆ ವಿಡಿಯೋ ನಾನು ತೋರಿಸಲಿಲ್ಲ. ಅವಳ ಪಕ್ಕದಲ್ಲಿ ಕೂತು ಕೆಲಸ ಮಾಡುವ ಪ್ರೇಮವ್ವ ಓಡಿ ಬಂದಳು. "ಏ ಶೇಖಕ್ಕಾ, ನಿನ್ನ ಕೆಮ್ಮು ಫೇಮಸ್ ಆಗೇತಿ ನೋಡ ಬಾ! ಇನ್ನ ಕೂಲಿಗ್ಯಾಕ ಬರ್ತೀ, ಕುಂತಲ್ಲೆ ಕೆಮ್ಮಕೋತ ಇರು!" ಅವ್ವ ನೋಡಿದಳು. ನಕ್ಕಳು ಕೂಡ. ವಿಡಿಯೋ ಮುಗಿದ ಮೇಲೆ ಕೇಳಿದಳು: "ಮುಂದಿಂದು ಯಾಕ ಹಾಡಲಿಲ್ಲ ಅಂವ?"

ಕರೆಂಟು ಹೋಗಿರಬೇಕವ್ವ ಎಂದೆ. ನಿನ್ನ ಸಲುವಾಗಿ ನಾನು ಹೇಳುವ ಕಡೆಯ ಸುಳ್ಳು ಇದು.

ಸುಚಿತ್ರಾ

*

ರಾಣೆಬೆನ್ನೂರು
23 ಜನವರಿ 2025

ಸುಚಿ,

ಬೈದದ್ದು ಮುಟ್ಟಿತು. ನೀನು ಬೈಯುವುದನ್ನೂ ಭಾಷಣದ ಹಾಗೆ ಬೈಯುತ್ತೀಯ. ಓದಿ ಮುಗಿಸಿದ ಮೇಲೆ 'ಜೈ' ಅನ್ನಬೇಕು ಅನಿಸಿತು.

ಈಗ ನನ್ನದನ್ನು ಕೇಳು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ನಾನು ಬೀಜದ ಕಂಪನಿಯ ಪ್ಯಾಕಿಂಗ್ ಹಾಲಿನಲ್ಲಿ ನಿಲ್ಲುತ್ತೇನೆ. ನನ್ನ ಹೆಸರು ಅಲ್ಲಿ 'ನಾಲ್ಕನೇ ಮಷಿನ್'. "ಏ ನಾಲ್ಕನೇ ಮಷಿನ್, ಪಾಕೀಟ ಸೋರಾಕತ್ತೈತಿ!" ಅನ್ನುತ್ತಾರೆ. ಹೇಮಪ್ಪನ ಕಾರ್ಯಕ್ರಮದಲ್ಲಿ ಎಂಟುನೂರು ಮಂದಿ ನನ್ನ ಹೆಸರು ಕೂಗಿದರು. ಹುಟ್ಟಿದಾಗಿನಿಂದ ಮೊದಲ ಸಲ.

ನಿಯಮದ ಮಾತು ಬಂತಲ್ಲ. ಕರ್ಜಗಿಯಲ್ಲಿ ನಿಯಮದ ಪ್ರಕಾರವೇ ಹಾಡಿದೆವು. ಮೊದಲರ್ಧಕ್ಕೆ ಇನ್ನೂರು ಜನ. ತಿರುವು ಬಂತು, ಒಬ್ಬ ಎದ್ದು "ಯಾರರ ಸತ್ತಾರೇನಪಾ?" ಎಂದು ಕೂಗಿದ. ಮುಗಿಯುವ ಹೊತ್ತಿಗೆ ಉಳಿದವರು ಹನ್ನೊಂದು ಮಂದಿ. ಅದರಲ್ಲಿ ನಾಲ್ವರು ಮಕ್ತುಮನ ಸೋದರಮಾವಂದಿರು, ಒಬ್ಬ ಮೈಕಿನವನು, ಅವನು ಮೈಕು ಒಯ್ಯಲು ಕಾಯುತ್ತಿದ್ದ. ಕದರಮಂಡಲಗಿಯಲ್ಲಿ ಚಹಾಕ್ಕೆ ಹೋದವರು ತಿರುಗಿ ಬರಲೇ ಇಲ್ಲ. ನೀನಿರುವ ಕೂಲಿಕಾರರ ಸಂಘಟನೆಯ ಸಭೆಗಳಲ್ಲಿ ಮಾತ್ರ ಪೂರಾ ಕೇಳುತ್ತಾರೆ. ಆ ನಲವತ್ತು ಜನರಿಗೆ ಕೆಮ್ಮು ಏನೆಂದು ಹಾಡಿ ಹೇಳಬೇಕೇನು? ಅವರು ಮನೆಯಲ್ಲಿ ಕೇಳಿಯೇ ಬಂದಿರುತ್ತಾರೆ.

ಹೇಮಪ್ಪನ ಅಳಿಯ ಸಿದ್ದಲಿಂಗೇಶ ಕಾರ್ಯಕ್ರಮ ನಡೆಸುವವನು. ಅವನು ಹೇಳಿದ್ದು ಇಷ್ಟೇ: "ಅಳೂದು ಬ್ಯಾಡೋ ಮಾರಾಯಾ. ಮಂದಿ ಉಂಡು ಬಂದಿರತಾರ." ಒಂದು ಸಲ ಅಂದುಕೊಂಡೆ. ಈಗ ದಾವಣಗೆರೆಗೆ ಕರೆದಿದ್ದಾನೆ, ಹುಬ್ಬಳ್ಳಿಗೆ ಕರೆದಿದ್ದಾನೆ. ಪೋಸ್ಟರಿನಲ್ಲಿ ನನ್ನ ಹೆಸರು 'ಕೆಮ್ಮು ಹನುಮೇಶ'.

ಇನ್ನೊಂದು ಮಾತು ನಿನಗೆ ಹೇಳಿಲ್ಲ. ಆ ತಿರುವಿನ ಸಾಲುಗಳು ನಿನ್ನವು. ಅವ್ವನ ಮೊಳಕೈಯಿಂದ ಕಣ್ಣೊರೆಸಿಸಿಕೊಂಡವಳು ನೀನು, ನಾನಲ್ಲ. ನಮ್ಮವ್ವನ ಕೈಯಲ್ಲಿ ಬರೀ ಹಿಟ್ಟಿನ ವಾಸನೆ ಇತ್ತು. ಅದನ್ನು ಹಾಡುವಾಗಲೆಲ್ಲ ಬೇರೆಯವರ ಮನೆಯ ಟ್ರಂಕು ತೆರೆದ ಹಾಗೆ ಅನಿಸುತ್ತಿತ್ತು. ನಗಿಸುವುದು ಮಾತ್ರ ನನ್ನದು, ಸುಚಿ.

ಬ್ಲಾಕ್ ತೆಗೆಯುವುದಿಲ್ಲ. ಬರೆದರೆ ಉತ್ತರ ಬರೆಯುತ್ತೇನೆ. ನಿನ್ನ ದನಿ ಕೇಳಿದರೆ ಸೋಲುತ್ತೇನೆ.

ಹನುಮೇಶ

*

ಬ್ಯಾಡಗಿ
9 ಮಾರ್ಚ್ 2025

ಹನುಮೇಶ,

ನಗಿಸುವುದು ನಿನ್ನದು ಎಂದೆಯಲ್ಲ. ನಿನ್ನ ನಗೆ ಏನು ಕೆಲಸ ಮಾಡಿತು, ಕೇಳು.

ಫೆಬ್ರುವರಿಯಲ್ಲಿ ಹನ್ನೊಂದು ಹೆಂಗಸರು ಹೇಮಪ್ಪನ ಗೋದಾಮಿನ ಮ್ಯಾನೇಜರ್ ಚಂದ್ರಪ್ಪನ ಮುಂದೆ ನಿಂತರು. ಕೇಳಿದ್ದು ಮೂರು: ಘಾಟು ಹೊರಗೆ ಒಯ್ಯುವ ಫ್ಯಾನು, ಕೈ ತೊಳೆಯಲು ನಳ, ಮೂಗು ಬಾಯಿ ಕಟ್ಟಿಕೊಳ್ಳಲು ಒಳ್ಳೆಯ ಬಟ್ಟೆ. ಚಂದ್ರಪ್ಪ ಕಿಸೆಗೆ ಕೈ ಹಾಕಿದ. ಫೋನು ತೆಗೆದ. ನಿನ್ನ ವಿಡಿಯೋ ಹಚ್ಚಿದ. ದನಿ ಪೂರಾ ಏರಿಸಿದ. ಅಲ್ಲಿದ್ದ ಹಮಾಲರೆಲ್ಲ ನಕ್ಕರು. ಪಾಪ, ಅವರೂ ಅದೇ ಘಾಟು ಕುಡಿಯುವವರು.

"ಕೆಮ್ಮು ಅಂದ್ರ ನಿಮಗ ಕಾಮಿಡಿ. ನಿಮ್ಮ ಹುಡುಗ್ರ ಹಾಡು ಕಟ್ಟಿ ಕುಣೀತಾರ. ನಮಗ್ಯಾಕ ಫ್ಯಾನ್ ಕೇಳ್ತೀರಿ?" ಎಂದ.

ಪ್ರೇಮವ್ವ ಸುಮ್ಮನಿರುವವಳಲ್ಲ. "ನಿಮ್ಮ ಸಾಹೇಬ್ರು ಕುಣದ್ರಲ್ಲರಿ, ಅವರ ಸೊಂಟಕ್ಕ ಒಂದು ಫ್ಯಾನ್ ಹಚ್ಚಿಸ್ರಿ ಮದ್ಲ" ಎಂದಳು. ಮರುದಿನ ಪ್ರೇಮವ್ವನಿಗೆ ಕೆಲಸವಿಲ್ಲ. ಅವ್ವನಿಗೆ ಕೆಲಸವಿಲ್ಲ. ಉಳಿದವರು ತಲೆ ತಗ್ಗಿಸಿ ಒಳಗೆ ಹೋದರು. ಅವರನ್ನು ನಾನು ಬೈಯುವುದಿಲ್ಲ.

ಐದು ದಿನ ಗೋದಾಮಿನ ಮುಂದೆ ಧರಣಿ ಕೂತೆವು. ಹಾವೇರಿಯ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ಅರ್ಜಿ ಕೊಟ್ಟೆವು. ಇಬ್ಬರನ್ನೂ ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕು, ಫ್ಯಾನು ನಳ ಹಾಕಿಸಬೇಕು, ಅವ್ವನ ಔಷಧ ಅವರು ನೋಡಿಕೊಳ್ಳಬೇಕು ಎಂದು. ಹೇಮಪ್ಪನ ವಕೀಲ ಉತ್ತರ ಕೊಟ್ಟಿದ್ದಾನೆ. ನಾನು ಹಾವೇರಿಯ ಡಿಟಿಪಿ ಅಂಗಡಿಯಲ್ಲಿ ದಿನವಿಡೀ ಊರಿನವರ ಅರ್ಜಿ ಟೈಪ್ ಮಾಡುವವಳು. ಇಷ್ಟು ಹೊಲಸು ಕಾಗದ ಈವರೆಗೆ ಕಂಡಿಲ್ಲ. ಅದರಲ್ಲಿ ಬರೆದಿದೆ: ಕೆಮ್ಮಿನ ದನಿ ಹಾಸ್ಯಗೀತೆಗಾಗಿ ಮಾಡಿದ ನಟನೆ, ಹಾಡು ಬರೆದವಳು ಅರ್ಜಿದಾರಳ ಸ್ವಂತ ಮಗಳು, ಗೋದಾಮಿನ ಹೆಸರು ಕೆಡಿಸಲು ತಾಯಿ ಮಗಳು ಹೂಡಿದ ಆಟ. ಡಾಕ್ಟರ ಚೀಟಿ ತೋರಿಸಿದೆವು. ಒಲೆಯ ಹೊಗೆಗೂ ಹೀಗೇ ಆಗುತ್ತದೆ ಎಂದು ಹೇಮಪ್ಪನ ಕಡೆಯವರು ಅಂದರು.

ಆ ಕೆಮ್ಮು ನಟನೆ ಅಲ್ಲ ಎಂದು ಹೇಳಬಲ್ಲವನು ಭೂಮಿಯ ಮೇಲೆ ಒಬ್ಬನೇ ಇದ್ದಾನೆ. ಆ ಕೆಮ್ಮು ರೆಕಾರ್ಡ್ ಆದ ಮಧ್ಯಾಹ್ನ ನಾನು ಹಾವೇರಿಯಲ್ಲಿದ್ದೆ. ಅವ್ವನ ಬುತ್ತಿ ಒಯ್ದವನು ನೀನು. ಕಿಸೆಯಲ್ಲಿ ಫೋನು ಇಟ್ಟು, ಅವಳಿಗೆ ಹೇಳದೆ ಕೆಮ್ಮು ಹಿಡಿದವನು ನೀನು. "ಕದ್ದು ಹಿಡಿದದ್ದು, ಅದಕ್ಕೇ ಇಷ್ಟು ಖರೇ ಐತಿ" ಎಂದು ಶೆಡ್ಡಿನಲ್ಲಿ ನನಗೆ ಹೇಳಿದೆ. ನಾನು ಆಗ ನಿನಗೆ ಕಪಾಳಕ್ಕೆ ಹೊಡೆಯಬೇಕಿತ್ತು. ಹೊಡೆಯಲಿಲ್ಲ. ಹೆಡ್‌ಫೋನು ಹಾಕಿಕೊಂಡು ಕೇಳಿದೆ, "ಮಸ್ತ ಕುಂತೈತಿ ತಾಳಕ್ಕ" ಎಂದೆ. ಈ ಮಾತು ನನ್ನನ್ನು ತಿನ್ನುತ್ತಿದೆ. ನಿನ್ನೊಬ್ಬನ ಮೇಲೆ ಹಾಕಿ ನಾನು ಪಾರಾಗುವುದಿಲ್ಲ.

ವಿಚಾರಣೆ ಏಪ್ರಿಲ್ 24, ಗುರುವಾರ, ಹನ್ನೊಂದು ಗಂಟೆಗೆ, ಹಾವೇರಿಯಲ್ಲಿ. ನೀನು ಬರಬೇಕು. ಹೇಳಬೇಕಾದದ್ದು ಒಂದೇ ಮಾತು: ಅದು ನಟನೆ ಅಲ್ಲ, ಅವಳು ಕೆಲಸ ಮಾಡುವಾಗ ನಾನು ಕದ್ದು ಹಿಡಿದೆ. ಇಷ್ಟು ಹೇಳಿದರೆ ಸಿದ್ದಲಿಂಗೇಶ ನಿನ್ನನ್ನು ವೇದಿಕೆ ಹತ್ತಿಸುವುದಿಲ್ಲ, ಗೊತ್ತು. ಹೇಳದಿದ್ದರೆ ಅವ್ವನನ್ನು ಬ್ಯಾಡಗಿಯ ಯಾವ ಗೋದಾಮಿನವನೂ ಒಳಗೆ ಬಿಡುವುದಿಲ್ಲ.

ಸುಚಿತ್ರಾ

*

ಬ್ಯಾಡಗಿ
4 ಏಪ್ರಿಲ್ 2025

ತಮ್ಮಾ ಹನುಮೇಶ,

ನಾ ಶೇಖವ್ವ. ಹೇಳಾಕಿ ನಾನು, ಬರಿಯಾಕಿ ಸುಚಿತ್ರಾ. ನಾ ಹೇಳಿದ್ದಕ್ಕ ತನ್ನದೊಂದು ಖಾರ ಹಚ್ಚಿ ಬರದಗಿರದಾಳು ಅಂತ ಬಾಜೂಕ ಪ್ರೇಮವ್ವನ್ನ ಕುಂದ್ರಿಸೇನಿ. ಅಕಿಗೂ ಓದಾಕ ಬರೂದಿಲ್ಲ, ಆದ್ರ ಸುಚಿ ಮಾರಿ ನೋಡಿದ್ರ ತಿಳೀತೈತಿ.

ತಿಂಗಳಾತು, ನಿನ್ನ ಉತ್ತರ ಬರಲಿಲ್ಲ. ಈಕಿ ದಿನಾ ಪೋಸ್ಟಿನವನ ಹಾದಿ ಕಾಯ್ತಾಳ, ಬಾಯಿ ಬಿಟ್ಟು ಹೇಳೂದಿಲ್ಲ. (ಇದು ಸುಳ್ಳು. ಅವ್ವ ಹೇಳಿದ್ದಕ್ಕೆ ಬರೆದಿದ್ದೇನೆ. ಸು.)

ನೀ ಹಾಡಿದ್ದಕ್ಕ ನನಗೇನೂ ಸಿಟ್ಟಿಲ್ಲಪಾ. ನಗೂದು ಕೆಟ್ಟದ್ದಲ್ಲ. ಆ ಗೋದಾಮಿನ್ಯಾಗ ನಾವು ಹೆಣಮಕ್ಕಳು ನಗಲಿಲ್ಲಂದ್ರ ಎಂದೋ ಸತ್ತ ಹೋಗತಿದ್ವಿ. ಹೊಸಾ ಸೊಸಿ ಒಬ್ಬಾಕಿ ಕೆಲಸಕ್ಕ ಬಂದಿದ್ಲು. ಮದ್ಲನೇ ದಿನಾ ಮರತು ಕಣ್ಣಿಗೆ ಕೈ ಹಚ್ಚಕೊಂಡಳು. ಅಕಿ ಕುಣದದ್ದ ನೋಡಿ ನಾವು ಬಿದ್ದು ಬಿದ್ದು ನಕ್ಕೀವಿ. ನಕ್ಕೊಂತನ ಎತ್ತಿ ಒಯ್ದು, ಹಾಲು ತರಿಸಿ ಕಣ್ಣ ತೊಳದೀವಿ. ನಕ್ಕಾವ್ರ ಕಣ್ಣು ತೊಳೀಬೇಕಪಾ. ನಿನಗ ನಾ ಕೇಳೂದು ಇಷ್ಟ.

ಆವತ್ತ ನೀ ಬುತ್ತಿ ತಂದಿದ್ದಿ. ರೊಟ್ಟಿ, ಬದನಿಕಾಯಿ ಪಲ್ಯ. ನನಗ ಕೆಮ್ಮು ಹತ್ತಿತು, ನಿಲ್ಲವಲ್ದು. ನೀ ನೀರಿನ ತಂಬಿಗಿ ಹಿಡಕೊಂಡು ಮುಂದ ನಿಂತಿದ್ದಿ, ಕೊಡಲಿಲ್ಲ. ಹುಡುಗ ಗಾಬರಿ ಆಗ್ಯಾನ, ಕೊಡೂದ ಮರತಾನ ಅಂತ ನಾ ತಿಳಕೊಂಡೆ. ಆಮ್ಯಾಲ ಸುಚಿ ಹೇಳಿದ್ಲು, ಕಿಸೇದಾಗ ಫೋನ್ ಇತ್ತಂತ. ಇರಲಿ. ಅದ ಮಾತನ್ನ ಹಾವೇರ್ಯಾಗ ಬಂದು ಹೇಳು. ನನಗ ನಟನಾ ಬರೂದಿಲ್ಲೋ ತಮ್ಮಾ. ಸಣ್ಣಾಕಿದ್ದಾಗ ನಾಕ ದಿನಾ ಹೋದ ಸಾಲ್ಯಾಗ ನಾಟಕ ಇದ್ದಾಗ ನನಗ ಗಿಡದ ಪಾರ್ಟು ಕೊಟ್ಟಿದ್ರು, ಅದನ್ನೂ ಕೆಡಿಸಿ ಬಂದಾಕಿ ನಾನು.

ಬಿಸಲು ಭಾಳ ಐತಿ. ತಲಿಗೆ ಟವೆಲ್ ಕಟಗೊಂಡು ಅಡ್ಡಾಡು. ಬಂದ್ರ ನಮ್ಮನ್ಯಾಗ ಉಂಡು ಹೋಗು. ಸುಚಿ ಬಡಸೂದಿಲ್ಲ ಅನ್ನಾಕತ್ತಾಳ, ನಾ ಬಡಸ್ತೇನಿ.

ಶೇಖವ್ವ
(ಹೆಬ್ಬೆಟ್ಟಲ್ಲ. ಕೆಳಗಿರುವುದು ಅವಳದೇ ಸಹಿ. ಕಲಿತಿದ್ದಾಳೆ. ಸು.)

*

ರಾಣೆಬೆನ್ನೂರು
16 ಏಪ್ರಿಲ್ 2025

ಶೇಖವ್ವ ಅವ್ವಾರಿಗೆ,

ನಿಮ್ಮ ಪತ್ರ ಪ್ಯಾಕಿಂಗ್ ಹಾಲಿನಲ್ಲಿ ನಿಂತು ಓದಿದೆ. ನೀರು ಕೊಡಲು ಮರೆತಿದ್ದಲ್ಲ. ತಂಬಿಗೆ ಕೊಟ್ಟರೆ ಕೆಮ್ಮು ನಿಲ್ಲುತ್ತದೆ ಎಂದು ತಡೆದು ನಿಂತಿದ್ದೆ. ಇದನ್ನೂ ಹಾವೇರಿಯಲ್ಲಿ ಹೇಳುತ್ತೇನೆ.

ಸಿದ್ದಲಿಂಗೇಶನಿಗೆ ನಿನ್ನೆ ತಿಳಿಸಿದೆ. "ಹೋಗು, ಹೋಗಿ ಧರಣ್ಯಾಗ ಹಾಡು, ಹನ್ನೊಂದ ಮಂದಿ ಕೇಳ್ತಾರ" ಎಂದ. ಹುಬ್ಬಳ್ಳಿಯ ಕಾರ್ಯಕ್ರಮ ಕೈತಪ್ಪಿತು.

ಬರುತ್ತೇನೆ. ಸುಚಿಗೆ ಹೇಳಿರಿ.

ನಿಮ್ಮ
ಹನುಮೇಶ

*

ರಾಣೆಬೆನ್ನೂರು
27 ಏಪ್ರಿಲ್ 2025

ಸುಚಿ,

ನೀನು ಹಾವೇರಿಯ ಕಚೇರಿಯ ಮೆಟ್ಟಿಲ ಮೇಲೆ ನನ್ನ ಜೊತೆ ಒಂದು ಮಾತೂ ಆಡದೆ ಇಳಿದು ಹೋದೆ. ಅವ್ವಾರು ಮಾತ್ರ "ಉಂಡು ಹೋಗೋ" ಎಂದರು. ಯಾವ ಬಾಯಿಂದ ಉಣ್ಣಲಿ? ಅದಕ್ಕೆ ಬರೆಯುತ್ತಿದ್ದೇನೆ.

ನಾನು ಹೇಳಿದೆ. ಅದನ್ನಾದರೂ ಒಪ್ಪಿಕೊ. "ಸಾಹೇಬ್ರ, ಆ ಕೆಮ್ಮು ಖರೇ ಕೆಮ್ಮು. ಅವರಿಗೆ ಗೊತ್ತಿಲ್ಲದಂಗ ನಾ ಹಿಡದೇನಿ. ನೀರು ಬೇಕಂತ ಕೈ ಮುಂದ ಮಾಡಿದ್ರು, ನಾ ಕೊಡಲಿಲ್ಲ." ಅಕ್ಷರ ಬಿಡದೆ ಹೇಳಿದೆ. ಹೇಳುತ್ತಿರುವಾಗಲೇ ವಿಚಾರಣೆ ನಡೆಸುವ ಸಾಹೇಬರ ಮುಖದಲ್ಲಿ ನಗು ಬಂತು. ನನ್ನ ಮಾತಿಗಲ್ಲ, ನನ್ನ ದನಿಗೆ. "ಎಲ್ಲೋ ಕೇಳೇನಲ್ಲ ಅಂತ ಆವಾಗಿಂದ ವಿಚಾರ ಮಾಡಾಕತ್ತೇನಿ. ನೀವ ಅಲ್ಲೇನ್ರಿ ಆ ಕೆಮ್ಮು ಹನುಮೇಶ? ನಮ್ಮ ಮನ್ಯಾಗ ದಿನಾ ನಿಮ್ಮದ ಹಾಡು!"

ಗುಮಾಸ್ತ ನಕ್ಕ. ಹೊರಗಿನಿಂದ ಇಬ್ಬರು ಇಣುಕಿದರು.

ಆಗ ಹೇಮಪ್ಪನ ವಕೀಲ ಎದ್ದ. "ಸಾಹೇಬ್ರ, ಮಾತ್ಯಾಕ? ಹಾಡು ಪೂರಾ ಹಾಡಲಿ. ಕಾಮಿಡಿ ಹೌದೋ ಅಲ್ಲೋ ತಾವ ಹೇಳ್ರಿ" ಎಂದ. ನನಗೆ ಅವನು ಬಾಗಿಲು ತೆರೆದ ಹಾಗೆ ಕಂಡಿತು. ಪೂರಾ ಎಂದನಲ್ಲ! ಜನವರಿಯಿಂದ ನೀನು ನನ್ನ ಎದೆಗೆ ಚುಚ್ಚುತ್ತಿದ್ದ ಮಾತು ಅದೇ ತಾನೇ? ತಿರುವು ಹಾಡುತ್ತೇನೆ, ಈ ಕೋಣೆಯಲ್ಲಿ ಹಾಡುತ್ತೇನೆ, ಇವರ ನಗು ಇವರ ಗಂಟಲಲ್ಲೇ ಸಿಕ್ಕಿಕೊಳ್ಳಬೇಕು ಎಂದುಕೊಂಡೆ.

ಬರೀ ತಿರುವು ಹಾಡಿದ್ದರೆ ಆಗುತ್ತಿತ್ತೋ ಏನೋ. ನನಗೆ ಅದು ಹೊಳೆಯಲೇ ಇಲ್ಲ. ನಾವು ಎಂದೂ ಹಾಗೆ ಹಾಡಿಲ್ಲ, ಸುಚಿ. ಮೊದಲು ನಗಿಸಬೇಕು, ಆಮೇಲೆ ತಿರುಗಬೇಕು. ನಿಯಮ ನಿಯಮವೇ. ಮದುಮಗನಿಂದ ಶುರು ಮಾಡಿದೆ. ಗಿಟಾರಿಲ್ಲ, ಮಕ್ತುಮನಿಲ್ಲ. ಮ್ಯಾನೇಜರ್ ಚಂದ್ರಪ್ಪ ತಾನಾಗಿಯೇ ಫೋನಿನಲ್ಲಿ ಕೆಮ್ಮು ಹಚ್ಚಿದ. ಸಾಹೇಬರು ಮೇಜಿನ ಮೇಲೆ ಪೆನ್ನಿನಿಂದ ತಾಳ ಹಾಕಿದರು. 'ಸಾಹೇಬ್ರು ಸೀನಿದ್ರು' ಬಂದಾಗ ಅವರು ಎಷ್ಟು ನಕ್ಕರೆಂದರೆ ಕನ್ನಡಕ ತೆಗೆದು ಒರೆಸಿಕೊಂಡರು.

ಆಮೇಲೆ ತಿರುವು. 'ಉರಿಗೈ ಅಂತ' ಎನ್ನುವಲ್ಲಿ ನನ್ನ ದನಿ ಒಡೆಯಿತು. ಖರೇನೇ ಒಡೆಯಿತು. ಅದೂ ಹಾಡಿನ ಭಾಗವೆಂದು ಅವರು ಇನ್ನಷ್ಟು ನಕ್ಕರು. 'ಮೊಳಕೈಲೆ' ಎಂದಾಗ ಗುಮಾಸ್ತ ತನ್ನ ಮೊಳಕೈ ಎತ್ತಿ ಕಣ್ಣಿಗೆ ಹಚ್ಚಿಕೊಂಡು ತೋರಿಸಿದ. ನಾನು ನಿಲ್ಲಿಸಲಿಲ್ಲ, ಕಡೆಯ ಸಾಲಿನವರೆಗೂ ಹಾಡಿದೆ. ಅಳುತ್ತಿದ್ದೆ. ಸಾಹೇಬರು "ಭಾರಿ ಕಲಾವಿದ್ರಪಾ ನೀವು, ಕಣ್ಣಾಗ ನೀರ ತಗೊಂಡ ಬಿಟ್ರಿ!" ಎಂದರು.

ಇನ್ನು ನಾನು ಏನು ಹಾಡಿದರೂ ಮಂದಿ ನಗುತ್ತಾರೆ. ನಾಲ್ಕು ತಿಂಗಳಲ್ಲಿ ನಾನೇ ಕಲಿಸಿದ್ದು.

ಹಾಗಿದ್ದರೂ ಅವ್ವಾರು ಹಿಂದೆ ಕೂತಿದ್ದರಲ್ಲ. ಅವರು ಒಮ್ಮೆ ಕೆಮ್ಮಿದ್ದರೆ ಸಾಕಿತ್ತು. ಅವರ ಎದೆ ಮಾತಾಡುತ್ತಿತ್ತು. ಆ ಕೋಣೆಯಲ್ಲಿ ಎಲ್ಲರೂ ಕೇಳಿದ್ದು ಫೋನಿನ ಕೆಮ್ಮು ಮಾತ್ರ. ಅಂದು ಅವರಿಗೆ ಮೈ ಹಗುರವಿತ್ತೇನು? ಔಷಧ ಹತ್ತಿತೇನು? ತಿಳಿಸು.

ಹನುಮೇಶ

*

ಬ್ಯಾಡಗಿ
1 ಜೂನ್ 2025

ಹನುಮೇಶ,

ಆದೇಶ ಬರಲಿ ಎಂದು ಕಾದಿದ್ದೆ. ನಿನ್ನೆ ಬಂತು. ನಾಲ್ಕು ಹಾಳೆ. ಅರ್ಜಿ ವಜಾ. ಮೂರನೆಯ ಹಾಳೆಯಲ್ಲಿರುವ ಒಂದು ಸಾಲನ್ನು ಹಾಗೆಯೇ ಬರೆಯುತ್ತೇನೆ:

'ವಿಚಾರಣೆಯ ಸುಮಾರು ಎರಡು ಗಂಟೆಗಳ ಅವಧಿಯಲ್ಲಿ ಅರ್ಜಿದಾರರಾದ ಶ್ರೀಮತಿ ಶೇಖವ್ವ ಇವರಲ್ಲಿ ಕೆಮ್ಮಿನ ಯಾವುದೇ ಲಕ್ಷಣ ಕಂಡುಬಂದಿರುವುದಿಲ್ಲ.'

ನೀನು ಸಾಹೇಬರ ಕಡೆ ಮುಖ ಮಾಡಿ ಹಾಡುತ್ತಿದ್ದೆ. ನಿನ್ನ ಬೆನ್ನ ಹಿಂದೆ ಏನಾಯಿತು ಎಂದು ನೋಡಿದವರು ನಾನು, ಪ್ರೇಮವ್ವ ಇಬ್ಬರೇ.

ನೀನು ಮೊದಲರ್ಧ ಹಾಡುವಾಗ ಅವ್ವ ಚಂದ್ರಪ್ಪನ ಫೋನಿನಲ್ಲಿ ತನ್ನದೇ ಕೆಮ್ಮು ಕೇಳುತ್ತಿದ್ದಳು. ತಿರುವು ಬಂತು. ನಿನ್ನ ದನಿ ಒಡೆದದ್ದೂ ಅವಳಿಗೆ ಕೆಮ್ಮು ಏರಿದ್ದೂ ಒಂದೇ ಗಳಿಗೆಯಲ್ಲಿ. ಅವಳು ಸೆರಗಿನ ತುದಿಯನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡಳು. ಹಲ್ಲು ಕಚ್ಚಿದಳು. ಕೊರಳಿನ ನರ ಹುರಿಯ ಹಾಗೆ ಎದ್ದವು. ಕಣ್ಣಲ್ಲಿ ನೀರು. ಬೆಂಚು ನಡುಗುತ್ತಿತ್ತು. ನಾನು ಬೆನ್ನ ಮೇಲೆ ಕೈ ಇಟ್ಟೆ. "ಕೆಮ್ಮವ್ವ, ಈಗ ಕೆಮ್ಮು" ಎಂದು ಕಿವಿಯಲ್ಲಿ ಹೇಳಿದೆ. ತಲೆ ಅಲ್ಲಾಡಿಸಿದಳು. ಆಚೆ ಕೂತಿದ್ದ ಪ್ರೇಮವ್ವ "ಏ ಶೇಖಕ್ಕಾ, ಕೆಮ್ಮೇ, ಸಾಯ್ತಿ!" ಎಂದು ಅವಳ ತೊಡೆ ಹಿಸುಕಿದಳು. ಕೆಮ್ಮಲಿಲ್ಲ. ಹಾಡು ಮುಗಿದ ಮೇಲೂ ಇಲ್ಲ. ಸಾಹೇಬರು ಎದ್ದು ಹೋಗುವವರೆಗೂ ಇಲ್ಲ. ಕಚೇರಿಯಿಂದ ಹೊರಬಿದ್ದು, ಮೆಟ್ಟಿಲು ಇಳಿದು, ನಿನ್ನನ್ನು ಊಟಕ್ಕೆ ಕರೆದು, ನೀನು ರಸ್ತೆಯ ತಿರುವಿನಲ್ಲಿ ಮರೆಯಾದ ಮೇಲೆ ಸೈಕಲ್ ನಿಲ್ಲಿಸುವ ಜಾಗದಲ್ಲಿ ಕುಸಿದು ಕೂತಳು. ಆಮೇಲೆ ಅರ್ಧ ತಾಸು ಬಿಡುವಿಲ್ಲದೆ ಕೆಮ್ಮಿದಳು. ಅದನ್ನು ನೋಡಿದವರು ನಾವಿಬ್ಬರು, ಒಬ್ಬ ಚಹಾದವನು. ಸರಕಾರ ನೋಡಲಿಲ್ಲ.

ನನಗೆ ತಲೆ ಕೆಟ್ಟಿತ್ತು. "ಯಾಕ ತಡದಿ? ಒಂದ ಒಂದು ಸಲಾ ಕೆಮ್ಮಿದ್ರ ಗೆಲ್ತಿದ್ವಿ. ಆವಾಗರ ಕೆಮ್ಮಬಾರದಿತ್ತ?" ಎಂದು ರಸ್ತೆಯಲ್ಲೇ ಒದರಿದೆ.

ಅವ್ವ ನೀರು ಕುಡಿದು, ಸಾವಕಾಶ ಹೇಳಿದಳು: "ಆ ಹುಡುಗ ಖರೇ ಖರೇ ಹಾಡಾಕತ್ತಿದ್ದ. ಎಲ್ಲಾರೂ ಅವನ ಮ್ಯಾಲ ನಗಾಕತ್ತಿದ್ರು. ನಡುವ ನಾನೂ ಕೆಮ್ಮಿದ್ರ ಮತ್ತ ಕಾಮಿಡಿ ಆಕ್ಕಿತ್ತಲ್ಲೇ. ಅವನ ಹಾಡು ಕೆಡತಿತ್ತು."

ನೀನು ಕೇಳಿದ್ದಕ್ಕೆ ಉತ್ತರ ಇದು. ಮೈ ಹಗುರವಿರಲಿಲ್ಲ. ಔಷಧ ಹತ್ತಿರಲಿಲ್ಲ.

ನಿನ್ನನ್ನು ಕ್ಷಮಿಸಬೇಕೋ ಬೇಡವೋ ಎಂಬ ಗೊಡವೆ ಅವಳಿಗಿಲ್ಲ, ಅದು ನನ್ನದು. ನಾನು ಕ್ಷಮಿಸುವುದಿಲ್ಲ. ನನ್ನನ್ನೂ ಕ್ಷಮಿಸಿಕೊಳ್ಳುವುದಿಲ್ಲ. ಮೇಲಿನ ಕಚೇರಿಗೆ ಮೇಲ್ಮನವಿ ಟೈಪ್ ಮಾಡಿದ್ದೇನೆ. ಅದರಲ್ಲಿ ಹಾಡಿನ ಹೆಸರು ಎಲ್ಲೂ ಇಲ್ಲ. ಪ್ರೇಮವ್ವ ಈಗ ಇಟ್ಟಂಗಿ ಭಟ್ಟಿಗೆ ಹೋಗುತ್ತಿದ್ದಾಳೆ. ಅವ್ವನಿಗೆ ಯಾರೂ ಕೆಲಸ ಕೊಟ್ಟಿಲ್ಲ.

ಆ ದಿನದಿಂದ ಅವಳಿಗೆ ಒಂದು ಚಾಳಿ ಹತ್ತಿದೆ. ಎದುರಿಗೆ ಯಾರಿದ್ದರೂ ಕೆಮ್ಮುವುದಿಲ್ಲ. ನೆರೆಯವರು ಬಂದರೆ ಸೆರಗು ಬಾಯಿಗೆ ಹೋಗುತ್ತದೆ. ನಾನು ಬಂದರೂ ಹೋಗುತ್ತದೆ. ಅದಕ್ಕೆ ನಾನು ಸಂಜೆ ಕೆಲಸದಿಂದ ಬಂದವಳು ಚೀಲ ಒಳಗಿಟ್ಟು, ಏನೋ ಮರೆತವಳ ಹಾಗೆ ಹೊರಗೆ ಹೋಗುತ್ತೇನೆ. ಬಾಗಿಲು ಮುಂದೆ ಮಾಡಿಕೊಂಡು ಅಂಗಳದಲ್ಲಿ ನಿಲ್ಲುತ್ತೇನೆ. ಅವಳು ಕೆಮ್ಮಿ ಮುಗಿಸಲಿ ಎಂದು.

ಸುಚಿತ್ರಾ